ಚಾಕುವಿಗೆ ಸಾಣೆ: ಕೈಯಲ್ಲೋ, ಗೈಡ್‌ನಲ್ಲೋ?

ಟೊಮೆಟೊ ಸಿಪ್ಪೆ ಮೇಲೆ ಚಾಕು ಜಾರ್ತಿದೆಯಾ? ಹಾಗಾದ್ರೆ ಅದು ಮೊಂಡಾಗಿದೆ. ಸಾಣೆ ಹಿಡಿಯೋದ್ರಲ್ಲಿ ಮುಖ್ಯವಾದದ್ದು ಕೋನ. ಅಡುಗೆಮನೆ ಚಾಕುವಿಗೆ ಸಾಮಾನ್ಯವಾಗಿ ಒಂದೊಂದು ಬದಿಗೆ 15ರಿಂದ 20 ಡಿಗ್ರಿ. ಗೈಡ್ ಇರೋ ಸಾಧನ ಆ ಕೋನ ತಪ್ಪದಂತೆ ನೋಡ್ಕೊಳ್ಳುತ್ತೆ, ಹೊಸಬರಿಗೆ ಒಳ್ಳೇದು. ಆದ್ರೆ ಈಳಿಗೆಮಣೆಯ ಬಾಗಿದ ಅಲಗು ಅದಕ್ಕೆ ಒಗ್ಗಲ್ಲ, ಅಲ್ಲಿ ಕೈಯೇ ಬೇಕು.

ಕೈಯಲ್ಲಿ ಮಾಡೋರು ಚಾಕುವಿನ ಅಂಚಿಗೆ ಮಾರ್ಕರ್ ಬಳಿದು, 1000 ಗ್ರಿಟ್‌ನ ಒದ್ದೆ ಕಲ್ಲಿನ ಮೇಲೆ ಒಂದೆರಡು ಸಲ ಉಜ್ಜಿ ನೋಡಿ. ಬಣ್ಣ ತುದಿವರೆಗೂ ಅಳಿಸಿದ್ರೆ ಕೋನ ಸರಿ. ಮೇಲ್ಗಡೆ ಮಾತ್ರ ಅಳಿಸಿದ್ರೆ ಚಾಕುವಿನ ಬೆನ್ನು ಸ್ವಲ್ಪ ಎತ್ತಿ. ಆಚೆ ಬದಿಯಲ್ಲಿ, ಬೆನ್ನಿನಿಂದ ಅಂಚಿನ ಕಡೆಗೆ ಬೆರಳು ಸವರಿದಾಗ ಸಣ್ಣ ತರಿ ತಡೆಯೋವರೆಗೂ ಉಜ್ಜಿ. ಆಮೇಲೆ ಇನ್ನೊಂದು ಬದಿ. ಕೊನೆಗೆ ಹಗುರವಾಗಿ ಎಳೆದು ತರಿ ತೆಗೀರಿ.

ಗೈಡ್ ಇದ್ರೂ ಸರಿ, ಒಂದು ಹಳೇ ಚಾಕು ಹಿಡಿದು ಕೈಯಲ್ಲೂ ಕಲೀರಿ.