ಸಿಹಿ ವೈನಿನ ಗುಣಪರೀಕ್ಷೆ

ದ್ರಾಕ್ಷಿರಸ ಹುದುಗುವಾಗ ಯೀಸ್ಟ್ ಜೀವಿಗಳು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತವೆ. ಸಕ್ಕರೆ ಪೂರ್ತಿ ಮುಗಿದರೆ ಸಿಹಿಯಿಲ್ಲದ ವೈನ್, ಸಾಕಷ್ಟು ಉಳಿದರೆ ಸಿಹಿ ವೈನ್ ದೊರೆಯುತ್ತದೆ. ಊಟದ ಕೊನೆಯಲ್ಲಿ ಸ್ವಲ್ಪವಾಗಿ ಸೇವಿಸುವ ಈ ವೈನಿನ ಪರೀಕ್ಷೆ ವಿದ್ಯಾರ್ಥಿಗಳಿಗೆ ಸುಲಭವಲ್ಲ. ಸಕ್ಕರೆ ನಾಲಿಗೆಯನ್ನು ಒಲಿಸಿಕೊಂಡು ದೋಷಗಳನ್ನು ಮುಚ್ಚಿಬಿಡುತ್ತದೆ. ಲೋಟದಲ್ಲಿ ಕಾಣುವ ಗುಣದೋಷಗಳಲ್ಲಿ ಹೆಚ್ಚಿನವು ತೋಟದಲ್ಲಿಯೇ ಹುಟ್ಟುವುದರಿಂದ ಈ ಕ್ರಮವನ್ನು ಬೆಳೆಗಾರರೂ ಅರಿತಿರುವುದು ಒಳ್ಳೆಯದು.

ಸಿಹಿ ಉಳಿಯುವ ಬಗೆ

ಬೋರ್ಡೋ ದ್ರಾವಣದಿಂದ ನಮ್ಮ ರೈತರಿಗೆ ಪರಿಚಿತವಾದ ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ಸೋಟರ್ನ್ ಎಂಬ ಊರಿದೆ. ಅಲ್ಲಿ ಸಿರೋನ್ ಹೊಳೆಯ ತಣ್ಣೀರು ಬೆಚ್ಚಗಿನ ಗಾರೋನ್ ನದಿಯನ್ನು ಸೇರುವುದರಿಂದ ಶರತ್ಕಾಲದ ಮುಂಜಾನೆ ಮಂಜು ಕವಿಯುತ್ತದೆ. ಮಧ್ಯಾಹ್ನ ಬಿಸಿಲು ಬೀಳುತ್ತದೆ. ಮಂಜಿನಲ್ಲಿ ಬೆಳೆದ ಬೊಟ್ರೈಟಿಸ್ ಶಿಲೀಂಧ್ರವು ಮಾಗಿದ ಹಣ್ಣಿನ ಸಿಪ್ಪೆಯನ್ನು ತೂತು ಮಾಡುತ್ತದೆ. ಬಿಸಿಲಿಗೆ ನೀರು ಆರಿ ಸಕ್ಕರೆ, ಆಮ್ಲ ಎರಡೂ ಸಾಂದ್ರವಾಗುತ್ತವೆ. ಇಂಥ ಹಣ್ಣನ್ನು ಮಾತ್ರ ಹಲವು ಸಲ ಆರಿಸಿ ಕೊಯ್ಯುತ್ತಾರೆ. ಮಳೆ ಬಿಡದೆ ಹಿಡಿದರೆ ಇದೇ ಶಿಲೀಂಧ್ರ ಗೊಂಚಲನ್ನು ಕೊಳೆಸಿಬಿಡುತ್ತದೆ.

ಪೋರ್ಚುಗಲ್ಲಿನ ಪೋರ್ಟ್ ವೈನಿನ ಕ್ರಮ ಬೇರೆ. ಹುದುಗುವಿಕೆಯ ನಡುವೆಯೇ ದ್ರಾಕ್ಷಿಯಿಂದ ಬಟ್ಟಿಯಿಳಿಸಿದ ಮದ್ಯಸಾರವನ್ನು ಬೆರೆಸುತ್ತಾರೆ. ಯೀಸ್ಟ್ ಸತ್ತು ಸಕ್ಕರೆ ಉಳಿಯುತ್ತದೆ. ಇದರಲ್ಲಿ ಮದ್ಯಸಾರ ಸುಮಾರು ಶೇಕಡಾ 20 ಇರುತ್ತದೆ.

ಪರೀಕ್ಷೆಯ ಕ್ರಮ

1. ಸಿಹಿಯಿಲ್ಲದ ವೈನುಗಳನ್ನು ಮೊದಲು, ಸಿಹಿಯಾದವನ್ನು ಕೊನೆಗೆ ಪರೀಕ್ಷಿಸಬೇಕು. ಬಿಳಿಯ ಸಿಹಿ ವೈನ್ 8ರಿಂದ 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬೆಚ್ಚಗಾದರೆ ಸಿಹಿ ಅತಿಯೆನಿಸುತ್ತದೆ; ತೀರ ತಣ್ಣಗಾದರೆ ಪರಿಮಳ ಅಡಗುತ್ತದೆ.

2. ಬಾಯಿ ಕಿರಿದಾದ ಗಾಜಿನ ಲೋಟಕ್ಕೆ 50 ಮಿ.ಲೀ. ಸುರಿದು, ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಬಣ್ಣ ನೋಡಬೇಕು. ಸೋಟರ್ನ್ ವೈನ್ ವಯಸ್ಸಾದಂತೆ ಹೊನ್ನಿನ ಬಣ್ಣದಿಂದ ಕಂದಿಗೆ ತಿರುಗುತ್ತದೆ. ಎಳೆಯ ವೈನ್ ಕಂದಾಗಿದ್ದರೆ ಗಾಳಿ ತಗಲಿ ಕೆಟ್ಟಿರಬಹುದು.

3. ಲೋಟವನ್ನು ಮೆಲ್ಲಗೆ ತಿರುಗಿಸಿ ಮೂಸಬೇಕು. ಜೇನು, ಒಣ ಜರ್ದಾಳು, ಕಿತ್ತಳೆ ಸಿಪ್ಪೆಯ ಪರಿಮಳ ಒಳ್ಳೆಯ ಲಕ್ಷಣ. ವಿನೆಗರ್ ವಾಸನೆ ಮುಂದಾಗಿದ್ದರೆ ಹುಳಿತು ಕೊಳೆತ ಹಣ್ಣು ಸೇರಿರುವ ಸಂಭವವುಂಟು.

4. ಒಂದು ಗುಟುಕನ್ನು ಬಾಯಲ್ಲೆಲ್ಲ ಆಡಿಸಿ ಉಗಿಯಬೇಕು. ಸಿಹಿಯ ಹಿಂದೆಯೇ ಹುಳಿ ತೋರಿ ಬಾಯಲ್ಲಿ ನೀರೂರಬೇಕು.

5. ಉಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುವುದೆಂದು ಎಣಿಸಬೇಕು. ಬರೀ ಸಕ್ಕರೆ ಉಳಿದರೆ ಸಾಮಾನ್ಯ ವೈನ್. ಹಣ್ಣಿನ ರುಚಿ ಉಳಿದು ಬಾಯಿ ಶುಚಿಯಾದರೆ ಉತ್ತಮ ವೈನ್.

ಸಮತೋಲವೇ ಮುಖ್ಯ

ನಿಂಬೆರಸವಿಲ್ಲದ ಬೆಲ್ಲದ ಪಾನಕ ಎರಡು ಗುಟುಕಿಗೆ ಸಾಕೆನಿಸುತ್ತದೆ. ಹದವಾಗಿ ನಿಂಬೆ ಬಿದ್ದರೆ ಲೋಟ ಬರಿದಾಗುತ್ತದೆ. ಸಿಹಿ ವೈನಿಗೂ ಇದೇ ನಿಯಮ. ಸೋಟರ್ನ್ ವೈನಿನಲ್ಲಿ ಲೀಟರಿಗೆ 100 ಗ್ರಾಂ ಮೀರಿ ಸಕ್ಕರೆಯಿದ್ದರೂ ಆಮ್ಲ ಸಾಕಷ್ಟಿದ್ದರೆ ಅದು ಅಂಟಂಟಾಗಿ ತೋರುವುದಿಲ್ಲ. ಆದ್ದರಿಂದ ಸಿಹಿಗೆ ಅಂಕ ಕೊಡದೆ ಸಮತೋಲಕ್ಕೆ ಕೊಡಬೇಕು. ಸೋಟರ್ನ್‌ನ ಹೆಸರಾಂತ ಷಾಟೊ ದಿಕೆಂ ತೋಟದವರು 2012ರ ಬೆಳೆ ತಮ್ಮ ಮಟ್ಟಕ್ಕೆ ಬರಲಿಲ್ಲವೆಂದು ಆ ವರ್ಷದ ಸಿಹಿ ವೈನನ್ನು ಹೊರತರಲೇ ಇಲ್ಲ. ಇಡೀ ವರ್ಷದ ಆದಾಯಕ್ಕಿಂತ ಪರೀಕ್ಷೆಯ ತೀರ್ಪೇ ಅವರಿಗೆ ದೊಡ್ಡದಾಯಿತು.

ಬೆಳೆಗಾರರು ಗಮನಿಸಬೇಕಾದ್ದು

ನಮ್ಮಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಸಿಹಿಯಾದ ಕೆಂಪು ವೈನಿಗೂ ಬಳಸುತ್ತಾರೆ. ಯಾವ ತಳಿಯಾದರೂ ಹಣ್ಣು ಮಾಗಿದಂತೆ ಸಕ್ಕರೆ ಏರಿ ಆಮ್ಲ ಇಳಿಯುತ್ತದೆ. ಬಿಸಿಲು ಹೆಚ್ಚಿದಷ್ಟೂ ಈ ಇಳಿತ ಬೇಗ. ಸಕ್ಕರೆಯೊಂದನ್ನೇ ಅಳೆದು ಕೊಯ್ಲಿನ ದಿನ ಗೊತ್ತುಮಾಡದೆ ಆಮ್ಲವನ್ನೂ ಅಳೆಯಿಸಬೇಕು. ಮುಂಜಾನೆಯ ತಂಪಿನಲ್ಲಿ ಕೊಯ್ದು, ಕೊಳೆತ ಕಾಳುಗಳನ್ನು ತೋಟದಲ್ಲಿಯೇ ಬೇರ್ಪಡಿಸಬೇಕು. ತೋಟದಲ್ಲಿ ಕಳೆದುಹೋದ ಹುಳಿಯನ್ನು ವೈನ್ ತಯಾರಕರು ಆಮ್ಲ ಬೆರೆಸಿ ಸರಿದೂಗಿಸಬಹುದು. ಕೊಳೆತ ಹಣ್ಣಿನ ವಾಸನೆಯನ್ನು ನೀಗುವುದು ಕಷ್ಟ.