ತೆರೆಯ ಮೇಲೆ ಅಕ್ಷರಗಳ ಕುಣಿತ

ಮದುವೆ, ಮುಂಜಿ, ನಾಮಕರಣಗಳ ವಿಡಿಯೊ ಚಿತ್ರಗಳನ್ನು ವಾಚಕರೆಲ್ಲರೂ ಕಂಡಿರುವರು. ಚಿತ್ರವು ಮೊದಲಾಗುವುದಕ್ಕೆ ಮುನ್ನ ವಧೂವರರ ಹೆಸರುಗಳು ಎಲ್ಲಿಂದಲೋ ಹಾರಿಬಂದು, ಒಂದು ಸುತ್ತು ತಿರುಗಿ, ಚಿನ್ನದ ಬಣ್ಣದಲ್ಲಿ ಮಿನುಗಿ ನಿಲ್ಲುವುವು. ಇದನ್ನು ನಾವು ಬಹುಕಾಲ ಇಂದ್ರಜಾಲವೆಂದೇ ತಿಳಿದಿದ್ದೆವು. ಈಗ ಇದು ಮನೆಯ ಗಣಕಯಂತ್ರದಲ್ಲಿಯೇ ಸಾಧ್ಯವಾದ ಕೆಲಸ. ಆದರೆ ಕನ್ನಡದ ಮಟ್ಟಿಗೆ ಇದರಲ್ಲಿ ಒಂದು ತೊಡಕುಂಟು. ಆ ತೊಡಕಿನಲ್ಲಿ ನಾವು ಸಿಕ್ಕಿಬಿದ್ದ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇವೆ.

ಕಳೆದ ವರ್ಷ ನಮ್ಮ ಅಕ್ಕನು ತೀರಿಕೊಂಡಳು. ನಾವು ಶಾಲೆಗೆ ಸೇರುವ ಮೊದಲೇ, ಅಕ್ಕಿ ಹರಡಿದ ತಟ್ಟೆಯಲ್ಲಿ ನಮ್ಮ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ಅವಳು. ಒತ್ತಕ್ಷರವನ್ನು ಮರೆತರೆ ಕಿವಿ ಹಿಂಡುತ್ತಿದ್ದಳು. ವರ್ಷಾಬ್ದಿಕದ ದಿನ ಬಂಧುಗಳಿಗೆ ತೋರಿಸುವುದಕ್ಕಾಗಿ ಹಳೆಯ ಭಾವಚಿತ್ರಗಳನ್ನು ಕೂಡಿಸಿ ಹತ್ತು ನಿಮಿಷದ ಚಿತ್ರವೊಂದನ್ನು ನಾವೂ ಅವಳ ಮೊಮ್ಮಗನೂ ಸಿದ್ಧಗೊಳಿಸಿದೆವು. ಆರಂಭದಲ್ಲಿ "ಶ್ರದ್ಧಾಂಜಲಿ" ಎಂಬ ಒಂದೇ ಪದ. ಅದು ಬೆರಳಚ್ಚು ಯಂತ್ರದಲ್ಲಿ ಹೊಡೆದಂತೆ ಒಂದೊಂದೇ ಅಕ್ಷರವಾಗಿ ಮೂಡಬೇಕೆಂದು ಹುಡುಗನ ಆಸೆ.

ತೆರೆಯ ಮೇಲೆ ಕಂಡುದೇನು? ಮೊದಲು "ಶ" ಬಂದಿತು. ಅದರ ತಲೆಕಟ್ಟು ಕಳಚಿ "ಶ್" ಎಂದು ಹಲಂತವಾಯಿತು. ಆಮೇಲೆ ಎಚ್ಚತ್ತಂತೆ "ಶ್ರ" ಆಯಿತು. ಬಳಿಕ "ದ", "ದ್", "ದ್ಧ" ಎಂದು ತಡವರಿಸಿ, ದೀರ್ಘವು ಕಟ್ಟಕಡೆಗೆ ಬಂದು ಅಂಟಿಕೊಂಡಿತು. ಪದವೇ ಉಗ್ಗಿದಂತಾಯಿತು. ಅಕ್ಷರಗಳು ನಾಲ್ದೆಸೆಯಿಂದ ಹಾರಿಬರುವ ಇನ್ನೊಂದು ಪರಿಣಾಮವನ್ನು ಆರಿಸಿದೆವು. ರಕಾರದ ಒತ್ತು ತನ್ನ ಶಕಾರವನ್ನು ತೊರೆದು ತೆರೆಯ ಮೂಲೆಯಿಂದ ಒಂಟಿಯಾಗಿ ತೇಲಿಬಂದಿತು. ಅಕ್ಷರವೆಂದರೆ ಕ್ಷಯವಿಲ್ಲದುದೆಂದು ವೈಯಾಕರಣರು ನಿರ್ವಚಿಸುವರು. ಪಾಪ, ಅವರು ಈ ಸಾಫ್ಟ್‌ವೇರನ್ನು ಕಂಡಿರಲಿಲ್ಲ.

ಇದಕ್ಕೆ ಕಾರಣವೇನೆಂದರೆ, ಗಣಕಯಂತ್ರವು ಅಕ್ಷರವನ್ನು ನಮ್ಮಂತೆ ಎಣಿಸುವುದಿಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತವಿಧಾನದಲ್ಲಿಯೇ ಕನ್ನಡಕ್ಕೂ ಸ್ಥಾನ ದೊರೆಯಿತು. ಅದರಲ್ಲಿ ವ್ಯಂಜನಕ್ಕೊಂದು ಸಂಕೇತ, ಗುಣಿತದ ಚಿಹ್ನೆಗೊಂದು, ವ್ಯಂಜನಗಳನ್ನು ಬೆಸೆಯುವ ಹಲಂತ ಚಿಹ್ನೆಗೆ ಮತ್ತೊಂದು. ಆ ಲೆಕ್ಕದಲ್ಲಿ "ಶ್ರದ್ಧಾಂಜಲಿ" ಎಂಬುದು 11 ಸಂಕೇತಗಳ ಮಾಲೆ. ಒಂದನೆಯ ತರಗತಿಯ ಮಗುವಿಗಾದರೋ ಶ್ರ, ದ್ಧಾಂ, ಜ, ಲಿ ಎಂಬ 4 ಅಕ್ಷರಗಳು. ಸಂಕೇತಗಳನ್ನು ಬೆಸೆದು ಸಂಯುಕ್ತಾಕ್ಷರದ ರೂಪವನ್ನು ಕೊಡುವುದು ಬೇರೊಂದು ಕೆಲಸ. ಚಲನೆಯ ಪರಿಣಾಮವು ಮಾಲೆಯನ್ನು ಬಿಡಿಬಿಡಿಯಾಗಿ ತುಂಡರಿಸಿದರೆ ಆ ರೂಪವು ಕೆಡುವುದು. ಬಿಡಿ ಅಕ್ಷರಗಳ ಇಂಗ್ಲಿಷಿಗೆ ಈ ಬಾಧೆಯಿಲ್ಲ. ಹಿಚ್‌ಕಾಕರ 1960ರ "ಸೈಕೋ" ಚಿತ್ರಕ್ಕೆ ಸೋಲ್ ಬಾಸ್ ಎಂಬ ಕಲಾವಿದನು ರಚಿಸಿದ ಶೀರ್ಷಿಕೆಯಲ್ಲಿ ಪದಗಳು ಅಡ್ಡಲಾಗಿ ಸೀಳಿ ಮತ್ತೆ ಕೂಡುವುವು. ಅದು ಕಥೆಗೆ ತಕ್ಕಂತೆ ಬುದ್ಧಿಪೂರ್ವಕವಾಗಿ ಮಾಡಿದ ಭಂಗ. ನಮ್ಮ ಮನೆಯ ಭಂಗವನ್ನು ಯಾರೂ ಬಯಸಿರಲಿಲ್ಲ.

ಕೆಲವು ಸಾಫ್ಟ್‌ವೇರುಗಳಲ್ಲಿ ದಕ್ಷಿಣ ಏಷ್ಯದ ಲಿಪಿಗಳಿಗೆಂದೇ ಬೇರೆ ಆಯ್ಕೆಯಿರುವುದುಂಟು. ಅದನ್ನು ಮೊದಲು ನೋಡಿಕೊಳ್ಳತಕ್ಕದ್ದು. ಹಣ ತೆರದೆ ದೊರೆಯುವ ಕೆಡೆನ್‌ಲೈವ್ ಎಂಬುದರಲ್ಲಿ ಬೆರಳಚ್ಚಿನ ಪರಿಣಾಮವನ್ನು ಪದಪದವಾಗಿಯೂ ಸಾಲುಸಾಲಾಗಿಯೂ ನಡೆಸಬಹುದು. ಉದ್ದವಾದ ವಾಕ್ಯಕ್ಕೆ ಅದೇ ಲೇಸು.

ಒಂದೇ ಪದವಿದ್ದಲ್ಲಿ ನಾವು ಕಂಡುಕೊಂಡ ಉಪಾಯ ಬೇರೆ. ಪದವನ್ನು ಮೊದಲೇ ಇಡಿಯಾಗಿ ಬರೆದು ನಿಲ್ಲಿಸಿ, ಅದರ ಮೇಲೆ ಮಾಸ್ಕ್ ಎಂಬ ಮರೆಯನ್ನು ಹೊದಿಸಿ, ಆ ಮರೆಯನ್ನು ಎಡದಿಂದ ಬಲಕ್ಕೆ ಸರಿಸುವುದು. ಅಕ್ಷರವು ಚಲಿಸುವುದೇ ಇಲ್ಲವಾದುದರಿಂದ ಒಡೆಯುವ ಮಾತಿಲ್ಲ. ಸೆಕೆಂಡಿಗೆ 25 ಚಿತ್ರಗಳಂತೆ ಓಡುವ ವಿಡಿಯೊದಲ್ಲಿ ಎರಡು ಸೆಕೆಂಡಿಗೆ 50 ಚಿತ್ರಗಳಷ್ಟೆ. ಮೊದಲನೆಯ ಚಿತ್ರದಲ್ಲಿ ಮರೆಯು ಪೂರ್ಣವಾಗಿ ಮುಚ್ಚಿರಲೆಂದು ಒಂದು ಗುರುತು, ಐವತ್ತನೆಯದರಲ್ಲಿ ಪೂರ್ಣವಾಗಿ ಸರಿದಿರಲೆಂದು ಇನ್ನೊಂದು ಗುರುತು. ಕೀಫ್ರೇಮ್ ಎನ್ನುವುದು ಇವನ್ನೇ. ನಡುವಣ 48 ಸ್ಥಿತಿಗಳನ್ನು ಯಂತ್ರವೇ ಗಣಿಸಿಕೊಳ್ಳುವುದು. ಕೊನೆಯಲ್ಲಿ ವೇಗವು ತಗ್ಗುವಂತೆ ಮಾಡಿದರೆ ನಿಲುಗಡೆಯು ಹಿತವಾಗಿರುವುದು. ಬಳಿಕ, ವಯಸ್ಸಾದವರು ಎರಡು ಸಲ ಓದುವಷ್ಟು ಹೊತ್ತು ಪದವು ಅಲುಗದೆ ನಿಲ್ಲಬೇಕು. ಕಿಡಿ, ಹೊಗೆ, ಮಿನುಗು ಮೊದಲಾದ ಅಲಂಕಾರಗಳು ಹೇರಳವಾಗಿ ದೊರೆಯುವುವು. ಅವುಗಳನ್ನು ಮುಟ್ಟದಿರುವುದು ನಮಗೆ ಮೆಚ್ಚಿಕೆ, ಹುಡುಗರ ಅಭಿಪ್ರಾಯ ಬೇರೆಯಿದ್ದೀತು.

ಇದೆಲ್ಲ ಸರಿಹೋದುದು ವರ್ಷಾಬ್ದಿಕದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ. ಮರುದಿನ ಗೋಡೆಗೆ ಕಟ್ಟಿದ ಬಿಳಿಯ ಪಂಚೆಯ ಮೇಲೆ ಮರೆಯು ಮೆಲ್ಲನೆ ಸರಿಯಿತು. ಶಕಾರವು ತನ್ನ ಒತ್ತಿನೊಡನೆಯೇ ಬೆಳಕಿಗೆ ಬಂದಿತು. ಪಕ್ಕದಲ್ಲಿ ಕುಳಿತಿದ್ದ ಹುಡುಗನು ತನ್ನ ಕಿವಿಯನ್ನು ಮುಟ್ಟಿಕೊಂಡನು. ಅವನಿಗೂ ಅಕ್ಷರ ಕಲಿಸಿದವಳು ಅವಳೇ.