ಕಾಗೆಗೆ ಕಾದ ಹೊತ್ತು

ಸಿದ್ದಾಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಊರುಕಾಗೆ ಇಲ್ಲ. ಬೂದು ಕತ್ತಿನ, ಸಣ್ಣ ಮೈಯ ಆ ಕಾಗೆಗೆ ಹೋಟೆಲು, ಮೀನುಪೇಟೆ, ಕಸದ ರಾಶಿ ಬೇಕು. ಒಟ್ಟಿನಲ್ಲಿ ಜನ ಒತ್ತೊತ್ತಾಗಿ ಬದುಕುವ ಜಾಗ ಬೇಕು. ಅಡಿಕೆ ತೋಟದ ತಲೆಗೊಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ ಇರುವ ನಮ್ಮೂರು ಅದರ ಲೆಕ್ಕದಲ್ಲಿ ಊರೇ ಅಲ್ಲ. ಇಲ್ಲಿರುವುದು ಕಾಡುಕಾಗೆ. ಮೈಪೂರಾ ಕಪ್ಪು, ದಪ್ಪ ಕೊಕ್ಕು, ಒರಟು ದನಿ.

ಅಣ್ಣ ತೀರಿಕೊಂಡ ಸುದ್ದಿ ಕೇಳಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದವನಿಗೆ ಸಾಗರ ದಾಟುವಾಗ ಬೆಳಕು ಹರಿಯಿತು. ಸಿದ್ದಾಪುರ ಬಸ್ ಸ್ಟ್ಯಾಂಡಿನ ಚಹಾದಂಗಡಿ ಮುಂದೆ ಊರುಕಾಗೆಗಳು ಬನ್ನಿನ ಚೂರಿಗೆ ಕಿತ್ತಾಡುತ್ತಿದ್ದವು. ನಮ್ಮೂರಿನ ರಸ್ತೆಗೆ ತಿರುಗಿದ ಮೇಲೆ ಒಂದೂ ಕಾಣಲಿಲ್ಲ. ಅಂಥ ಹೊತ್ತಿನಲ್ಲೂ ಹಕ್ಕಿ ನೋಡುತ್ತಾನಲ್ಲ ಎನ್ನಬೇಡಿ. ಕಣ್ಣು ತನ್ನ ಅಭ್ಯಾಸ ಬಿಡುವುದಿಲ್ಲ.

ಮನೆ ಮುಟ್ಟಿದಾಗ ಅತ್ತಿಗೆ ಅಳಲಿಲ್ಲ. "ಆಸರಿಗೆ ಬೇಕಾ?" ಎಂದು ಕೇಳಿ ಒಳಗೆ ಹೋದರು. ತಂಗಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಹಿಸ್ಸೆಯ ವಿಷಯದಲ್ಲಿ ನಾವಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಯಾರ ಕಡೆ ನ್ಯಾಯವಿತ್ತು ಎಂಬುದು ಇಲ್ಲಿ ಬೇಡ.

ಸೂತಕದ ದಿನಗಳಲ್ಲಿ ಹೊತ್ತು ಹೋಗುವುದು ನಿಧಾನ. ಬೆಳಿಗ್ಗೆ ಅಣ್ಣನ ಮಗನ ಜೊತೆ ಹಳ್ಳದ ದಂಡೆಗೆ ಇಳಿಯುತ್ತಿದ್ದೆ. ಅವನನ್ನು ನಾನು ಬಲ್ಲದ್ದು ಹೆಚ್ಚೂಕಡಿಮೆ ಫೋನಿನಲ್ಲೇ. ಅಪ್ಪೆಮಿಡಿಯ ಕಾಲ ಅದು. ಹುಡುಗ ಒಂದು ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ ನೋಡಿ, "ಇದು ಜೀರಿಗೆ ಮಿಡಿ ಅಪ್ಪಚ್ಚಿ, ಆಚೆದು ಬರೀ ಹುಳಿ" ಎಂದ. ಮಾವಿನ ಮರಗಳನ್ನು ಎಲೆ ನೋಡಿ ಬೇರೆ ಮಾಡಲು ನನಗೆ ಬರುವುದಿಲ್ಲ. ಅವನಿಗೆ ಮೂಗೇ ಸಾಕು. ಕಲಿಸಿದವನು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಗದ್ದೆಯಂಚಿನ ಹಳೇ ಮಾವಿನ ಮರದಲ್ಲಿ, ಎತ್ತರದ ಕವಲೊಂದರಲ್ಲಿ ಕಾಡುಕಾಗೆಯ ಗೂಡಿತ್ತು. ಒಂದು ಕಾಗೆ ಗೂಡು ಬಿಟ್ಟು ಏಳುತ್ತಿದ್ದುದೇ ಅಪರೂಪ, ಅದು ಹೆಣ್ಣು. ಗಂಡು ಬಂದು ಕೂತ ಕೂಡಲೇ ಅದು ರೆಕ್ಕೆ ಅದುರಿಸಿ, ಮರಿಯ ಹಾಗೆ ಬಾಯಿ ತೆರೆದು ಕೂಗುತ್ತಿತ್ತು. ಗಂಡು ಗಂಟಲ ಚೀಲದಿಂದ ತುತ್ತು ತೆಗೆದು ಕೊಡುತ್ತಿತ್ತು. ಅದು ಗೂಡಿಗೆ ನೇರವಾಗಿ ಬಂದದ್ದನ್ನು ನಾನು ನೋಡಲಿಲ್ಲ. ಮೊದಲು ಬಿದಿರು ಮೆಳೆ, ಆಮೇಲೆ ಹಲಸಿನ ಮರ, ಸುತ್ತ ಒಂದು ನೋಟ, ಕೊನೆಗೆ ಗೂಡು.

ಅಮೆರಿಕದ ಕಾಗೆಗಳ ಕೆಲವು ಸಂಸಾರಗಳಲ್ಲಿ ಹಿಂದಿನ ವರ್ಷದ ಮರಿಗಳು ದೂರ ಹೋಗದೆ ಉಳಿದು, ಬೆನ್ನಿಗೆ ಹುಟ್ಟಿದವಕ್ಕೆ ಗುಟುಕು ಕೊಡುತ್ತವೆ. ವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ. ಈ ಮಾವಿನ ಮರದ ಜೋಡಿಗೆ ಅಂಥ ಸಹಾಯಕ ಕಾಣಲಿಲ್ಲ. ನಮ್ಮ ಮನೆಯಲ್ಲಿ ಇದ್ದ. ಅಪ್ಪ ಹೋದಾಗ ಅಣ್ಣ ಕಾಲೇಜು ಬಿಟ್ಟು ತೋಟಕ್ಕೆ ಇಳಿದ. ನಾನೂ ತಂಗಿಯೂ ಓದಿದ್ದು ಅವನು ಮಾರಿದ ಅಡಿಕೆಯ ದುಡ್ಡಿನಲ್ಲಿ.

ಅಸ್ಥಿಯನ್ನು ಗೋಕರ್ಣಕ್ಕೆ ಒಯ್ದದ್ದಾಯಿತು. ನಮ್ಮ ಹಳ್ಳದ ನೀರೂ ಅಘನಾಶಿನಿ ಸೇರಿ, ಎಲ್ಲೂ ಅಣೆಕಟ್ಟೆಗೆ ಸಿಕ್ಕದೆ, ತದಡಿಯ ಹತ್ತಿರ ಅದೇ ಕಡಲನ್ನು ಮುಟ್ಟುತ್ತದೆ.

ಹತ್ತನೇ ದಿನ ಹಳ್ಳದ ಬಂಡೆಯ ಮೇಲೆ ಬಾಳೆಲೆ ಹಾಸಿ ಪಿಂಡ ಇಟ್ಟರು. ಕಾಗೆ ಬರಲಿಲ್ಲ. ನೆಂಟರು ಬಂಡೆಯ ಸುತ್ತಲೇ ನಿಂತು ಕಾ ಕಾ ಎಂದು ಕರೆದರು. ಒಬ್ಬರು ಟವೆಲ್ ಬೀಸಿದರು. ಬಿಸಿಲು ಏರಿತು. ಚಿಕ್ಕಮ್ಮ, "ಅವಂಗೆ ಎಂತದೋ ಆಸೆ ಇದ್ದು" ಎಂದರು. ಆಮೇಲೆ ಒಬ್ಬೊಬ್ಬರಾಗಿ ಮಾತು ಕೊಡಲು ಶುರು ಮಾಡಿದರು. ತೋಟ ಮಾರುವುದಿಲ್ಲ ಎಂದ ಮಗ. ಮುದಿ ಹಸುವನ್ನು ಕಡೆತನಕ ಸಾಕುತ್ತೇವೆ ಎಂದರು ಅತ್ತಿಗೆ. ತಂಗಿ ನನ್ನತ್ತ ನೋಡದೆ, "ಅಣ್ಣಾ, ದೊಡ್ಡಹಬ್ಬಕ್ಕೆ ಎಲ್ಲರೂ ಇಲ್ಲಿಗೇ ಬತ್ಯ" ಎಂದಳು. ಬಂಡೆ ಖಾಲಿಯೇ ಇತ್ತು.

ಅಮೆರಿಕದ ಸಿಯಾಟಲ್‌ನಲ್ಲಿ ಕೇಲಿ ಸ್ವಿಫ್ಟ್ ಮತ್ತು ಜಾನ್ ಮಾರ್ಜ್ಲಫ್ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ದಿನವೂ ಆಹಾರ ಇಡುತ್ತಿದ್ದ ಜಾಗದ ಹತ್ತಿರ, ಮುಖವಾಡ ಹಾಕಿಕೊಂಡವರೊಬ್ಬರು ಸತ್ತ ಕಾಗೆಯನ್ನು ಹಿಡಿದು ನಿಲ್ಲುತ್ತಿದ್ದರು. ಸುತ್ತಲಿನ ಕಾಗೆಗಳೆಲ್ಲ ಸೇರಿ ಗಲಾಟೆ ಎಬ್ಬಿಸಿದವು, ಮುಂದಿನ ಕೆಲವು ದಿನ ಅಲ್ಲಿನ ಆಹಾರದ ಹತ್ತಿರ ಸುಳಿಯಲು ಅಳುಕಿದವು. ಸತ್ತ ಕಾಗೆ ಕೈಯಲ್ಲಿಲ್ಲದಾಗಲೂ ಆ ಮುಖವನ್ನು ವಾರಗಟ್ಟಲೆ ಬೈದವು. ಒಂದು ಕಾಗೆ ಸತ್ತರೆ ನೂರು ಸೇರುತ್ತವೆ ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಅವು ಶೋಕಿಸುತ್ತವೋ ಇಲ್ಲವೋ, ಇಲ್ಲಿ ಅಪಾಯವಿದೆ ಎಂಬ ಪಾಠವನ್ನಂತೂ ಕಲಿತು ಹೋಗುತ್ತವೆ. ಗೂಡಿನ ಸಮೀಪವೇ ಇಷ್ಟೊಂದು ಜನ ಕೈ ಬೀಸುತ್ತ ನಿಂತಿದ್ದರೆ, ನಮ್ಮ ಮಾವಿನ ಮರದ ಗಂಡು ಏನೆಂದು ತಿಳಿಯಬೇಕು?

ಭಟ್ಟರನ್ನು ಕೇಳಿ ಎಲ್ಲರನ್ನೂ ಬಿದಿರು ಮೆಳೆಯ ಹಿಂದಕ್ಕೆ ಕರೆದೊಯ್ದೆ. ಹಕ್ಕಿ ನೋಡುವ ನನ್ನ ಹುಚ್ಚಿಗೆ ನಗುತ್ತಿದ್ದ ಭಾವ, ಚಿಕ್ಕಮ್ಮ, ಮೊಮ್ಮಕ್ಕಳು, ಎಲ್ಲರೂ ಅಂದು ಉಸಿರು ಬಿಗಿಹಿಡಿದು ಒಂದೇ ಹಕ್ಕಿಗೆ ಕಾದರು. ತಂಗಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. "ಗಂಡು ಯಾವ್ದು, ಹೆಣ್ಣು ಯಾವ್ದು?" ಎಂದು ಪಿಸುಗುಟ್ಟಿದಳು. ನೋಡಲು ಎರಡೂ ಒಂದೇ, ಗೂಡಿಗೆ ತುತ್ತು ಒಯ್ಯುವುದು ಗಂಡು ಎಂದೆ. "ಹೆಣ್ಣಿಗೆ ಹಸಿವಾದ್ರೆ?" ಎಂದಳು. ಕೂಗುತ್ತದೆ ಎಂದೆ. ಇಷ್ಟು ವರ್ಷಗಳ ಮೇಲೆ ನಾವು ಆಡಿದ ಮೊದಲ ಮಾತು ಕಾಗೆಯ ಸಂಸಾರದ್ದು.

ಗಂಡು ಮೊದಲು ಹಲಸಿನ ಮರಕ್ಕೆ ಬಂತು. ಕೊಕ್ಕನ್ನು ಕೊಂಬೆಗೆ ಎರಡೂ ಕಡೆ ಉಜ್ಜಿತು. ನೆಲಕ್ಕಿಳಿದು ಅಡ್ಡಡ್ಡ ಕುಪ್ಪಳಿಸುತ್ತ ಬಂಡೆ ಹತ್ತಿತು, ಬಾಳೆಲೆಯ ತುದಿ ಎಳೆದು ಬಿಟ್ಟು ಹಿಂದೆ ಹಾರಿತು, ಮತ್ತೆ ಬಂತು. ಎಳ್ಳು ಬೆರೆತ ಅನ್ನವನ್ನು ಗಂಟಲ ಚೀಲ ಉಬ್ಬುವಷ್ಟು ತುಂಬಿಕೊಂಡು ಮಾವಿನ ಮರದ ಕಡೆ ಹಾರಿತು. ಕೊಟ್ಟ ಮಾತಿಗೆ ಒಪ್ಪಿ ಅಣ್ಣ ಬಂದ ಎಂದರು ಚಿಕ್ಕಮ್ಮ. ನಾನು ವಾದಿಸಲಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಪಿಂಡ ಇಟ್ಟ ಮೇಲೆ ದೂರ ಸರಿದು ಮರೆಯಲ್ಲಿ ಕೂತುಕೊಳ್ಳಿ. ಕೂಗಬೇಡಿ, ಟವೆಲ್ ಬೀಸಬೇಡಿ, ಮೊಬೈಲ್ ಎತ್ತಿ ಹಿಡಿಯಬೇಡಿ, ಪ್ಲಾಸ್ಟಿಕ್ ತಟ್ಟೆ ಇಡಬೇಡಿ. ನಮ್ಮ ಕಡೆ ಕಾಡುಕಾಗೆ ಗೂಡು ಕಟ್ಟುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆಗ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕಾದೀತು.